ಗದ್ದದ ಕೂದಲಿಗೆ ಆರು ಸಿಟ್ಟಿಂಗ್ ಸಾಕೇ? ಹುಬ್ಬಳ್ಳಿಯ ಲೇಸರ್ ಪ್ಯಾಕೇಜುಗಳ ವಿಮರ್ಶೆ

ಹುಬ್ಬಳ್ಳಿ-ಧಾರವಾಡದಲ್ಲಿ ಹೆಂಗಸರ ಮುಖದ ಕೂದಲು ತೆಗೆಯುವ ಲೇಸರ್ ಹೆಚ್ಚಾಗಿ ಪ್ಯಾಕೇಜಿನ ಲೆಕ್ಕದಲ್ಲೇ ಸಿಗುತ್ತದೆ: ಇಡೀ ಮುಖ, ಆರು ಸಿಟ್ಟಿಂಗ್, ಮುಂಗಡ ಕಟ್ಟಿದರೆ ರಿಯಾಯಿತಿ. "ಆರು ಸಲ ಹೊಡಸ್ಕೊಂಡ್ರ ಮುಗೀತ್ರಿ, ಮತ್ತ ಬರೂದಿಲ್ಲ" ಅನ್ನುವ ಮಾತು ಕೈಕಾಲಿನ ಕೂದಲಿಗಾದರೆ ಅರ್ಧದಷ್ಟಾದರೂ ನಿಜ. ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರು) ಇದ್ದವರ ಗದ್ದ, ದವಡೆ, ಕುತ್ತಿಗೆಯ ದಪ್ಪ ಕೂದಲಿಗೆ ಅದು ಸುಳ್ಳು. ಲೇಸರ್ ಸುಡುವುದು ಇವತ್ತು ಇರುವ ಕೂದಲಿನ ಬೇರನ್ನು ಮಾತ್ರ. ರಕ್ತದಲ್ಲಿ ಆಂಡ್ರೋಜೆನ್ (ಗಂಡು ಹಾರ್ಮೋನು) ಹಾಗೇ ಉಳಿದರೆ ಪಕ್ಕದ ನವಿರು ಕೂದಲು ದಪ್ಪಗಾಗಿ ಮತ್ತೆ ಸರದಿಗೆ ನಿಲ್ಲುತ್ತದೆ.

ಹೀಗಾಗಿ ಕ್ಲಿನಿಕ್ಕಿನ ಯೋಗ್ಯತೆ ತಿಳಿಯುವುದು ಎ.ಸಿ. ಹಾಲಿನಿಂದಲ್ಲ, ಅವರು ಕೇಳುವ ಮೊದಲ ಪ್ರಶ್ನೆಯಿಂದ. ಮುಟ್ಟು ಸರಿಯಾಗಿ ಆಗುತ್ತಿದೆಯೇ, ತೂಕ ಏರಿದೆಯೇ, ಕೂದಲು ಯಾವಾಗ ಶುರುವಾಯಿತು ಎಂದು ಕೇಳದೆ ರೇಟ್ ಕಾರ್ಡ್ ಮುಂದಿಟ್ಟರೆ ಎದ್ದು ಬನ್ನಿ. ಕೆಲವೇ ತಿಂಗಳಲ್ಲಿ ದಿಢೀರನೆ ಕೂದಲು ಬಂದು, ಧ್ವನಿ ಗಡುಸಾಗಿ, ನೆತ್ತಿಯ ಕೂದಲು ಉದುರುತ್ತಿದ್ದರೆ ಲೇಸರ್ ಮಾತೇ ಬೇಡ. ಅಂಡಾಶಯ ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆ ಇಲ್ಲವೆಂದು ಮೊದಲು ಖಾತ್ರಿಯಾಗಬೇಕು.

ಹುಬ್ಬಳ್ಳಿ ವಿದ್ಯಾನಗರದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ (ಜನ ಈಗಲೂ ಕಿಮ್ಸ್ ಎಂದೇ ಕರೆಯುತ್ತಾರೆ), ಧಾರವಾಡ ಸತ್ತೂರಿನ ಎಸ್‌ಡಿಎಮ್ ಮೆಡಿಕಲ್ ಕಾಲೇಜಿನಲ್ಲಿ ಚರ್ಮ ಮತ್ತು ಸ್ತ್ರೀರೋಗ ವಿಭಾಗಗಳೆರಡೂ ಒಂದೇ ಆವರಣದಲ್ಲಿವೆ. ಗದಗಿನವರಿಗೆ ಅಲ್ಲಿಯ ಸರಕಾರಿ ಮೆಡಿಕಲ್ ಕಾಲೇಜು ಜಿಮ್ಸ್ ಇದೆ. ಟೆಸ್ಟೊಸ್ಟಿರಾನ್, ಡಿಎಚ್‌ಇಎ-ಎಸ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಜೊತೆಗೆ 17-ಹೈಡ್ರಾಕ್ಸಿಪ್ರೊಜೆಸ್ಟರಾನ್: ಈ ಹಾರ್ಮೋನುಗಳ ಪರೀಕ್ಷೆಗೆ ಮುಟ್ಟಿನ 2ರಿಂದ 5ನೇ ದಿನದೊಳಗೆ ಬೆಳಿಗ್ಗೆಯೇ ರಕ್ತ ಕೊಡುವುದು ಒಳ್ಳೆಯದು. ಆಂಡ್ರೋಜೆನ್ ತಗ್ಗಿಸಲು ಕೊಡುವ ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮೊದಲೇ ಕೊಡಿ, ಆಮೇಲೆ ಅಂಕಿಗಳು ಮಂಕಾಗುತ್ತವೆ. ಕೂದಲಿನ ಮೇಲೆ ಮಾತ್ರೆಯ ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು. ಆಂಡ್ರೋಜೆನ್ ತಡೆಯುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ಬರೆದುಕೊಟ್ಟರೆ ಆ ಅವಧಿಯಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್‌ನಿಂದ ಮುಟ್ಟು ಹಾದಿಗೆ ಬರಬಹುದು. ಗದ್ದದ ಕೂದಲು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಇನ್ನು ಯಂತ್ರ. ನಮ್ಮ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲೇ ಮೆಲನಿನ್ (ಕಪ್ಪು ಬಣ್ಣದ ಅಂಶ) ಸಾಕಷ್ಟಿದೆ, ಲೇಸರ್ ಹುಡುಕುವುದೂ ಅದನ್ನೇ. 755 ನ್ಯಾನೊಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್ ಲೇಸರ್ ಬೆಳ್ಳಗಿನವರಿಗೆ ಸರಿ, ಇಲ್ಲಿ ಸುಟ್ಟ ಕಲೆಯ ಅಪಾಯ ಹೆಚ್ಚು. 808 ಅಥವಾ 810ರ ಡಯೋಡ್ ಎಲ್ಲೆಡೆ ಸಿಗುವಂಥದ್ದು. ತಂಪಾಗಿಸುವ ತುದಿ ಸರಿಯಿದ್ದರೆ ಗೋಧಿ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತದೆ. ಕಪ್ಪು ಚರ್ಮಕ್ಕೆ 1064ರ ಎನ್‌ಡಿ-ಯಾಗ್ ಎಲ್ಲಕ್ಕಿಂತ ಸುರಕ್ಷಿತ, ನೋವು ಮಾತ್ರ ಜಾಸ್ತಿ. ಇಲ್ಲೊಂದು ಮೋಸ ಗೊತ್ತಿರಲಿ: "ಯಾಗ್ ಐತ್ರಿ" ಎಂದು ತೋರಿಸುವ ಯಂತ್ರ ಕ್ಯೂ-ಸ್ವಿಚ್ ಆಗಿರಬಹುದು. ಅದು ಹಚ್ಚೆ, ಬಂಗು, ಕಾರ್ಬನ್ ಪೀಲ್‌ಗೆ. ಅದರ ಮಿಡಿತ ನ್ಯಾನೊಸೆಕೆಂಡಿನಷ್ಟು ಗಿಡ್ಡ, ಬೇರನ್ನು ಕಾಯಿಸಲಾರದು. "ಲಾಂಗ್ ಪಲ್ಸ್ (ಉದ್ದ ಮಿಡಿತದ್ದು) ಹೌದೇನ್ರಿ?" ಎಂದು ಕೇಳಿ. ಐಪಿಎಲ್ ಅಂತೂ ಲೇಸರೇ ಅಲ್ಲ, ಬರೀ ಫ್ಲ್ಯಾಶ್ ಬೆಳಕು.

'ಇಡೀ ಮುಖ' ಪ್ಯಾಕೇಜಿಗೆ ನಮ್ಮ ಅಂಕ ಐದಕ್ಕೆ ಒಂದು. ಕೆನ್ನೆಯ ನವಿರು ಕೂದಲಿನಲ್ಲಿ ಲೇಸರ್ ಹಿಡಿಯುವಷ್ಟು ಬಣ್ಣವಿರುವುದಿಲ್ಲ. ಸುಡಲು ಸಾಲದ ಬಿಸಿ ತಾಗಿ ಅದು ದಪ್ಪಗಾಗಿ ಬೆಳೆಯುವುದುಂಟು. ಪಿಸಿಓಡಿ ಇರುವ, ಚರ್ಮ ಕಪ್ಪಗಿರುವ ಹೆಂಗಸರ ದವಡೆ, ಕುತ್ತಿಗೆಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಸುಟ್ಟೀತೆಂಬ ಹೆದರಿಕೆಗೆ ಜೂಲ್ (ಲೇಸರಿನ ಶಕ್ತಿ) ತೀರಾ ಇಳಿಸಿ ಹೊಡೆಯುವ ಆಪರೇಟರ್‌ಗಳಿಂದಲೂ ಇದೇ ಗತಿ. ದಪ್ಪ, ಕಪ್ಪು ಕೂದಲಿರುವ ಗದ್ದ, ಮೇಲ್ತುಟಿ, ಕುತ್ತಿಗೆಯ ಭಾಗಕ್ಕೆ ಮಾತ್ರ ಮಾಡಿಸಿದರೆ ಅಂಕ ನಾಲ್ಕಕ್ಕೆ ಏರುತ್ತದೆ. ಹಣ್ಣುಗೂದಲಿಗೆ ಯಾವ ಲೇಸರೂ ತಾಗದು. ಅದಕ್ಕೆ ಒಂದೊಂದೇ ಬೇರಿಗೆ ಸೂಜಿ ಹಾಕುವ ಎಲೆಕ್ಟ್ರಾಲಿಸಿಸ್ ಬೇಕು.

ಸಿಟ್ಟಿಂಗಿಗೆ ಮುಂಚೆ ನಾಲ್ಕು ವಾರ ಥ್ರೆಡಿಂಗ್, ವ್ಯಾಕ್ಸ್, ಚಿಮಟಿಗೆ ಬಂದ್. ಬೇರೇ ಕಿತ್ತರೆ ಲೇಸರಿಗೆ ಗುರಿ ಎಲ್ಲಿ? ಹಿಂದಿನ ದಿನ ರೇಜರ್ ಆಡಿಸಿ. ಕೂದಲು ದಪ್ಪಗಾಗುತ್ತದೆಂಬ ಭಯ ಬೇಡ. ಮೇಲೆ ಉದ್ದ ಕೂದಲಿದ್ದರೆ ಅದು ಸುಟ್ಟು ಕರಿ ಯಂತ್ರದ ತುದಿಗಂಟುತ್ತದೆ, ಆ ಕರಿ ಕಾದು ಚರ್ಮವನ್ನು ಸುಡುತ್ತದೆ. ಅರಿಷಿಣ, ಕುಂಕುಮ, ಕ್ರೀಮು ಪೂರ್ತಿ ತೊಳೆದಿರಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ಸ್ಕೂಟಿ ಮೇಲೆ ಓಡಾಡಿ ಮುಖ ಕಪ್ಪಾಗಿದ್ದರೆ, ಬಣ್ಣ ತಿಳಿಯಾಗುವ ತನಕ ಮುಂದೂಡಿ.

ಹೊಡೆಯುವಾಗ ಕಣ್ಣಿಗೆ ಕವಚ ಬೇಕೇ ಬೇಕು, ಹುಬ್ಬಿನ ಕೆಳಗೆ ಲೇಸರ್ ಬೇಡವೇ ಬೇಡ. ಕೆಲ ನಿಮಿಷಗಳಲ್ಲಿ ಪ್ರತಿ ಕೂದಲಿನ ಬುಡದಲ್ಲಿ ಸಣ್ಣ ಗುಳ್ಳೆಯಂತೆ ಊದಿದರೆ ಕೆಲಸ ಸರಿಯಾಗಿದೆ. ಚರ್ಮ ಬಿಳಿಚಿಕೊಂಡರೆ, ಬೂದಿ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಲು ಹೇಳಿ. ಮುಂದಿನ ಒಂದೆರಡು ವಾರ ಕೂದಲು ಚುಚ್ಚಿದಂತೆ ಹೊರಬರುತ್ತದೆ. ಅದು ಬೆಳೆಯುತ್ತಿಲ್ಲ, ಉದುರುತ್ತಿದೆ, ಕೀಳಬೇಡಿ.

ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ, 6ರಿಂದ 8 ಸಲ, ಪಿಸಿಓಡಿಗೆ ಅದಕ್ಕೂ ಹೆಚ್ಚು, ಆಮೇಲೂ ಆಗಾಗ ಒಂದೊಂದು. ಹೀಗಾಗಿ ಪ್ಯಾಕೇಜಿನ ದರಕ್ಕಿಂತ ಆಮೇಲಿನ ಬಿಡಿ ಸಿಟ್ಟಿಂಗಿನ ದರ ಮುಖ್ಯ. ಅದನ್ನು ರಶೀದಿಯಲ್ಲೇ ಬರೆಸಿಕೊಳ್ಳಿ. ನಡುವೆ ಗರ್ಭಿಣಿಯಾದರೆ ಲೇಸರ್ ನಿಲ್ಲಿಸುತ್ತಾರೆ, ಉಳಿದ ಸಿಟ್ಟಿಂಗುಗಳ ಅವಧಿ ಮುಗಿಯುವುದೇ ಎಂದೂ ಕೇಳಿ. ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ ತೋರಿಸಲು ಹಿಂಜರಿದರೆ ಮುಂಗಡ ಕೊಡಬೇಡಿ. ಗದಗ, ಹಾವೇರಿಯಿಂದ ಬರುವವರು ಇನ್ನೊಂದು ಕೇಳಿಕೊಳ್ಳಬೇಕು: ಊರು ಮುಟ್ಟಿದ ಮೇಲೆ ರಾತ್ರಿ ಬೊಬ್ಬೆ ಎದ್ದರೆ ಫೋನ್ ಎತ್ತುವವರು ಡಾಕ್ಟರೋ, ರಿಸೆಪ್ಷನ್ನಿನವರೋ?