ಮಲೆನಾಡಿನ ಟೀಸಿಗೆ ಐಎಸ್ 335 ಆಯಿಲ್: ಎಣ್ಣೆ ಚೆನ್ನಾಗಿದೆ, ಡ್ರಮ್ಮಿನ ಮೇಲೆ ಕಣ್ಣಿರಲಿ

ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ಸಂಸ್ಕರಣಾ ಘಟಕ, ಅಕ್ಕಿ ಗಿರಣಿಗಳ ಸ್ವಂತ ಟೀಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಭಾರತೀಯ ಮಾನಕ ಐಎಸ್ 335ರ ಗುರುತಿನ ಮಿನರಲ್ ಆಯಿಲ್ (ಖನಿಜ ಎಣ್ಣೆ) ಧಾರಾಳ ಸಾಕು. ತಂಪು ಚೆನ್ನಾಗಿ ಕೊಡುತ್ತದೆ, ಬೆಲೆಯೂ ಎಸ್ಟರ್ ಆಯಿಲ್‌ಗಿಂತ (ಸಸ್ಯಜನ್ಯ ಅಥವಾ ಸಿಂಥೆಟಿಕ್ ಟೀಸಿ ಎಣ್ಣೆ) ಬಹಳ ಕಡಿಮೆ. ಸೀಲ್ ಒಡೆದ ಡ್ರಮ್, ಬಿಡಿ ಕ್ಯಾನಿನ ಎಣ್ಣೆ ಮಾತ್ರ ಬೇಡವೇ ಬೇಡ.

ಹೊಸ ಎಣ್ಣೆ ಎಂದು ಫಿಲ್ಟರ್, ಪರೀಕ್ಷೆ ಮಾಡದೆ ನೇರ ಸುರಿಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಎರಡು ಎಲೆಕ್ಟ್ರೋಡ್‌ಗಳ ನಡುವೆ 2.5 ಮಿ.ಮೀ. ಅಂತರವಿಟ್ಟು ಬಿಡಿವಿ ಪರೀಕ್ಷೆ (ಎಣ್ಣೆ ಎಷ್ಟು ವೋಲ್ಟೇಜ್‌ವರೆಗೆ ಕರೆಂಟ್ ತಡೆಯುತ್ತದೆ ಎಂಬ ಪರೀಕ್ಷೆ) ಮಾಡಿದರೆ, ಡ್ರಮ್ಮಿನಿಂದ ತೆಗೆದ ಎಣ್ಣೆಗೆ ಕನಿಷ್ಠ 30 ಕೆವಿ (ಕಿಲೋವೋಲ್ಟ್), ಫಿಲ್ಟರ್ ಮಾಡಿದ ಮೇಲೆ 70 ಕೆವಿ ಬರಬೇಕು. ಆರು ಸಲ ಕಿಡಿ ಹೊಡೆಸಿ ಸರಾಸರಿ ತೆಗೆಯಿರಿ. ಒಂದೇ ರೀಡಿಂಗ್ ತೋರಿಸಿ ಬಿಲ್ ಕೊಡುವವರನ್ನು ನಂಬಬೇಡಿ. ಸ್ಯಾಂಪಲ್ ಟ್ಯಾಂಕಿನ ತಳದಿಂದಲೇ ಬೇಕು, ನೀರು ಕೂರುವುದು ಅಲ್ಲೇ. ಜಡಿಮಳೆಯಲ್ಲಿ ಬಾಟಲಿ ತೆರೆದರೆ ಪರೀಕ್ಷೆಯೇ ದಂಡ.

ಡ್ರಮ್ಮನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದರೆ ಮುಚ್ಚಳದ ಸುತ್ತ ಮಳೆನೀರು ನಿಲ್ಲುತ್ತದೆ. ರಾತ್ರಿ ತಣಿದಾಗ ಒಳಗಿನ ಗಾಳಿ ಕುಗ್ಗಿ ಆ ನೀರನ್ನು ಬಿರಡೆಯ ಸಂದಿನಿಂದ ಎಳೆದುಕೊಳ್ಳುತ್ತದೆ. ಆದ್ದರಿಂದ ಮಾಡಿನ ಕೆಳಗೆ, ಎರಡೂ ಬಿರಡೆ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಮಲಗಿಸಿಡಿ.

ಟೀಸಿಯೊಳಗೆ ಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನ ನೀಲಿ ಸಿಲಿಕಾ ಜೆಲ್ ಆಗುಂಬೆ ಮಳೆಗೆ ಬೇಗ ಗುಲಾಬಿಯಾಗುತ್ತದೆ. ಮೇಲಿನ ಪದರವೇ ಮೊದಲು ಬಣ್ಣ ಬಿಟ್ಟಿದ್ದರೆ ಗಾಳಿ ಬರುತ್ತಿರುವುದು ಬ್ರೀದರ್ ಮೂಲಕ ಅಲ್ಲ, ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಸೋರಿಕೆಯಿಂದ. ಬ್ರೀದರ್ ಕೆಳಗಿನ ಬಟ್ಟಲಿನಲ್ಲಿ ಎಣ್ಣೆ ಇಲ್ಲದಿದ್ದರೆ ಜೆಲ್ ಬದಲಿಸಿಯೂ ಉಪಯೋಗವಿಲ್ಲ.