ಕೋನಿ ಐಲ್ಯಾಂಡ್‌ನ ಹುಡುಗ, ಬೀಜಿಂಗ್‌ನ ಕಣ್ಮಣಿ: ಸ್ಟೆಫಾನ್ ಮಾರ್ಬರಿ ಸಾಕ್ಷ್ಯಚಿತ್ರದ ವಿಮರ್ಶೆ

ಕೂಡಿ ಮತ್ತು ಚೈಕ್ ಜೋಡಿ 2019ರಲ್ಲಿ ನಿರ್ದೇಶಿಸಿದ 'ಎ ಕಿಡ್ ಫ್ರಮ್ ಕೋನಿ ಐಲ್ಯಾಂಡ್' ಸಾಕ್ಷ್ಯಚಿತ್ರದ ನಿಜವಾದ ಶಕ್ತಿ ಇರುವುದು ಆಟದ ದೃಶ್ಯಗಳಲ್ಲಲ್ಲ, ಒಂದು ಕುಟುಂಬದ ನಿರೀಕ್ಷೆಯೆಲ್ಲ ಒಬ್ಬ ಹುಡುಗನ ಹೆಗಲೇರಿದ ಬಗೆಯನ್ನು ಅದು ಹೇಳುವ ರೀತಿಯಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಸೇರಿದ ಕೋನಿ ಐಲ್ಯಾಂಡ್‌ನಲ್ಲಿ, ಬಡವರ ವಸತಿ ಸಮುಚ್ಚಯದಲ್ಲಿ, ಏಳು ಮಕ್ಕಳ ಮನೆಯಲ್ಲಿ ಬೆಳೆದ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೆಫಾನ್ ಮಾರ್ಬರಿಯ ಅಣ್ಣಂದಿರೂ ಒಳ್ಳೆಯ ಆಟಗಾರರೇ ಆಗಿದ್ದರು. ಆದರೆ ಅವರಲ್ಲಿ ಯಾರಿಗೂ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಎನ್‌ಬಿಎ ದಕ್ಕಲಿಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1996ರಲ್ಲಿ, ನಾಲ್ಕನೆಯವನಾಗಿ ಆಯ್ಕೆಯಾದಾಗ ಅವನಿಗೆ ಕೇವಲ 19 ವರ್ಷ.

ಮುಂದಿನ ಎನ್‌ಬಿಎ ವರ್ಷಗಳಲ್ಲಿ ಅವನು ಎರಡು ಬಾರಿ ಶ್ರೇಷ್ಠ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ, ಪಂದ್ಯವೊಂದಕ್ಕೆ ಸರಾಸರಿ 19ಕ್ಕೂ ಹೆಚ್ಚು ಅಂಕ ಗಳಿಸಿದ. ಹಾಗಿದ್ದೂ ತಂಡದಿಂದ ತಂಡಕ್ಕೆ ಅಲೆದು, 2004ರಲ್ಲಿ ತವರಿನ ನ್ಯೂಯಾರ್ಕ್ ನಿಕ್ಸ್ ಸೇರಿದ ಮೇಲೆ ತರಬೇತುದಾರರೊಂದಿಗೆ ತೀವ್ರವಾಗಿ ಮನಸ್ತಾಪ ಕಟ್ಟಿಕೊಂಡ. ಈ ಘಟ್ಟದಲ್ಲಿ ಚಿತ್ರ ನಾಯಕನ ಪರ ವಾಲುತ್ತದೆ; ಅವನ ಹಟಮಾರಿತನದ ಪಾಲೆಷ್ಟು ಎಂಬುದನ್ನು ಇನ್ನಷ್ಟು ನಿಷ್ಠುರವಾಗಿ ಕೇಳಬೇಕಿತ್ತು ಎಂಬುದು ನನ್ನ ತಕರಾರು. ಬಡ ಮನೆಯ ಮಕ್ಕಳಿಗೂ ಎಟುಕಲೆಂದು 2006ರಲ್ಲಿ 15 ಡಾಲರಿಗೂ ಕಡಿಮೆ ಬೆಲೆಗೆ ತನ್ನದೇ ಹೆಸರಿನ ಶೂ ತಂದು, ಅದನ್ನೇ ತೊಟ್ಟು ಎನ್‌ಬಿಎ ಅಂಗಳಕ್ಕಿಳಿದವನೂ ಇದೇ ಮನುಷ್ಯ.

2007ರ ಡಿಸೆಂಬರ್‌ನಲ್ಲಿ, ಮಗನ ಪಂದ್ಯ ನೋಡಲು ಬಂದಿದ್ದ ತಂದೆಗೆ ಎದೆನೋವು ಕಾಣಿಸಿಕೊಂಡು ಅವರು ತೀರಿಕೊಂಡರು. ಆ ಸುದ್ದಿ ಮಗನಿಗೆ ತಿಳಿದದ್ದು ಪಂದ್ಯ ಮುಗಿದ ಮೇಲೆ. 2009ರಲ್ಲಿ ಅವನು ಇಂಟರ್ನೆಟ್ ನೇರಪ್ರಸಾರದಲ್ಲಿ ಅಳುತ್ತಾ, ವ್ಯಾಸಲೀನ್ ತಿನ್ನುತ್ತಾ ಕಾಣಿಸಿಕೊಂಡಾಗ ಜನ ನಕ್ಕರು. ಆತ್ಮಹತ್ಯೆಯ ಯೋಚನೆಗಳೂ ಆ ದಿನಗಳಲ್ಲಿ ತನ್ನನ್ನು ಕಾಡಿದ್ದವೆಂದು ಮುಂದೆ ಅವನೇ ಹೇಳಿಕೊಂಡ. ತಂದೆಯ ಸಾವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ನೇರಪ್ರಸಾರದ ತುಣುಕನ್ನು ನೋಡಿದರೆ, ಅಂದು ನಗೆಪಾಟಲಾದ ಮುಖದಲ್ಲಿ ಆರೈಕೆ ಸಿಗದ ದುಃಖವೇ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ.

2010ರಲ್ಲಿ ಚೀನಾದ ಶಾನ್‌ಶಿ ತಂಡಕ್ಕೆ ಹೊರಟವನು ಮರುವರ್ಷ ಬೀಜಿಂಗ್ ಡಕ್ಸ್ ಸೇರಿದ. 2012ರ ಫೈನಲ್‌ನ ನಿರ್ಣಾಯಕ ಪಂದ್ಯದಲ್ಲಿ 41 ಅಂಕ ಗಳಿಸಿ ಆ ತಂಡಕ್ಕೆ ಚೀನಾದ ವೃತ್ತಿಪರ ಲೀಗ್ ಆದ ಸಿಬಿಎಯ ಮೊದಲ ಪ್ರಶಸ್ತಿ ತಂದುಕೊಟ್ಟ. 2014 ಮತ್ತು 2015ರಲ್ಲೂ ಗೆಲುವು ಮರುಕಳಿಸಿತು. ಬೀಜಿಂಗ್‌ನಲ್ಲಿ ಅವನ ಪ್ರತಿಮೆಯೇ ಎದ್ದು ನಿಂತಿತು. ಭಾಷೆ ಬಾರದ ಊರಿನಲ್ಲಿ, ಸಹ ಆಟಗಾರರ ನಡುವೆ ಅವನು ದಿನದಿನವೂ ಹೇಗೆ ಒಗ್ಗಿಕೊಂಡ ಎಂಬುದನ್ನು ಇನ್ನೂ ಬಿಡಿಸಿ ಹೇಳಿದ್ದರೆ ಚಿತ್ರದ ತೂಕ ಹೆಚ್ಚುತ್ತಿತ್ತು. ಬ್ಯಾಸ್ಕೆಟ್‌ಬಾಲ್‌ನ ನಿಯಮ ತಿಳಿಯದವರಿಗೂ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆಟದ ತಂತ್ರ, ಪಟ್ಟುಗಳ ವಿಶ್ಲೇಷಣೆಯನ್ನೇ ಅರಸುವವರಿಗೆ ಮಾತ್ರ ಇಲ್ಲಿ ಹೆಚ್ಚೇನೂ ಸಿಗದು.