ಸ್ಯಾಮಲ್, ಓಪನ್‌ಐಡಿ ಕನೆಕ್ಟ್: ಎರಡನ್ನೂ ಓಡಿಸಿ ನೋಡಿದಾಗ

ಹಲವು ಆ್ಯಪ್‌ಗಳಿಗೆ ಒಂದೇ ಲಾಗಿನ್ ಬೇಕು ಅಂದರೆ ಮುಖ್ಯವಾಗಿ ಸಿಗುವುದು ಎರಡು ದಾರಿ: 2005ರ ಸ್ಯಾಮಲ್ 2.0, 2014ರ ಓಪನ್‌ಐಡಿ ಕನೆಕ್ಟ್. ಲಾಗಿನ್ ನೋಡಿಕೊಳ್ಳುವ ಕೀಕ್ಲೋಕ್ ಎಂಬ ಸಾಫ್ಟ್‌ವೇರ್‌ನ ಒಂದೇ ಸರ್ವರ್‌ನಲ್ಲಿ ಎರಡನ್ನೂ ಹಾಕಿ ನೋಡಿದೆ. ಲಾಗಿನ್ ಆಗುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕಷ್ಟಸುಖ ಏನಿದ್ದರೂ ನಡೆಸುವವರದ್ದು.

ಜೋಡಿಸುವುದಕ್ಕೆ ಓಪನ್‌ಐಡಿ ಕನೆಕ್ಟ್ ಸುಲಭ. ಡಿಸ್ಕವರಿ ವಿಳಾಸ (ಸರ್ವರ್‌ನ ವಿವರ ಸಿಗುವ ಜಾಗ), ಕ್ಲೈಂಟ್ ಐಡಿ (ಆ್ಯಪ್‌ನ ಗುರುತು), ಸೀಕ್ರೆಟ್ (ಅದರ ಗುಟ್ಟಿನ ಪದ) ಕೊಟ್ಟರೆ ಸರ್ವರ್‌ನ ಸಹಿ ಪರೀಕ್ಷಿಸುವ ಕೀಗಳನ್ನು ಆ್ಯಪ್ ತಾನೇ ತಂದುಕೊಳ್ಳುತ್ತದೆ. ಲಾಗಿನ್ ಆದಮೇಲೆ ಆ್ಯಪ್‌ಗೆ ಮರಳುವ ರೀಡೈರೆಕ್ಟ್ ವಿಳಾಸದಲ್ಲಿ ಒಂದು ಸ್ಲ್ಯಾಷ್ ಹೆಚ್ಚಾದರೂ ಒಪ್ಪುವುದಿಲ್ಲ. ಕಿರಿಕಿರಿಯೇ, ಆದರೆ ಇರಬೇಕಾದ ಕಿರಿಕಿರಿ.

ಸ್ಯಾಮಲ್‌ನಲ್ಲಿ ಸರ್ವರ್, ಆ್ಯಪ್ ಎರಡೂ ತಮ್ಮ ವಿವರಗಳ ಎಕ್ಸ್‌ಎಂಎಲ್ ಫೈಲ್ (ಮೆಟಾಡೇಟಾ) ಕೊಟ್ಟುಕೊಳ್ಳಬೇಕು. ಸಹಿ ಪರೀಕ್ಷಿಸುವ ಸರ್ಟಿಫಿಕೇಟ್ ಬದಲಾದರೆ ಎಷ್ಟೋ ಆ್ಯಪ್‌ಗಳಲ್ಲಿ ಹೊಸದನ್ನು ಕೈಯಾರೆ ಅಂಟಿಸಬೇಕು. ಸರ್ವರ್ ಗಡಿಯಾರ ಸ್ವಲ್ಪ ಹಿಂದೆಮುಂದೆ ಆದರೂ ಲಾಗಿನ್ ಬಿದ್ದುಹೋಗುತ್ತದೆ. ಹಾಗಂತ ಬಿಡುವ ಹಾಗೂ ಇಲ್ಲ. ಹಳೆಯ ಆಫೀಸ್ ಸಾಫ್ಟ್‌ವೇರ್‌ಗಳು ಕೇಳುವುದು ಇದನ್ನೇ. ದೇಶದೇಶಗಳ ವಿಶ್ವವಿದ್ಯಾಲಯಗಳನ್ನು ಬೆಸೆಯುವ ಎಜುಗೇನ್ ಕೂಡ ಮುಖ್ಯವಾಗಿ ಸ್ಯಾಮಲ್ ಮೇಲೇ ನಡೆಯುತ್ತದೆ.

ಎರಡಕ್ಕೂ ಅಂಟಿದ ತಲೆನೋವು ಒಂದಿದೆ. ಒಂದು ಆ್ಯಪ್ ಇಮೇಲ್ ನೋಡಿ ಆಳನ್ನು ಗುರುತಿಸುತ್ತಿತ್ತು. ಒಬ್ಬರ ಇಮೇಲ್ ಬದಲಾಯಿತು, ಅವರಿಗೆ ಹೊಸ ಖಾಲಿ ಖಾತೆ ತೆರೆದುಕೊಂಡಿತು! ಓಪನ್‌ಐಡಿ ಕನೆಕ್ಟ್ ಪ್ರತಿಯೊಬ್ಬರಿಗೂ ಕೊಡುವ ಗುರುತು ‘ಸಬ್’ ಹಾಗೆ ಬದಲಾಗುವುದಿಲ್ಲ. ಸ್ಯಾಮಲ್‌ನಲ್ಲಿ ಅದೇ ಕೆಲಸ ಮಾಡುವ ನೇಮ್‌ಐಡಿಯನ್ನು ‘ಪರ್ಸಿಸ್ಟೆಂಟ್’ (ಬದಲಾಗದ್ದು) ಅಂತ ಇಟ್ಟರೆ ಸರಿಹೋಗುತ್ತದೆ. ಆದರೆ ಇದನ್ನು ಶುರುವಿನಲ್ಲೇ ಮಾಡಬೇಕು.

ಲಾಗ್‌ಔಟ್‌ನಲ್ಲಿ ಮಾತ್ರ ಅಂತರ ಚೆನ್ನಾಗಿ ಕಾಣುತ್ತದೆ. ಸ್ಯಾಮಲ್‌ನ ಸಿಂಗಲ್ ಲಾಗ್‌ಔಟ್ (ಒಮ್ಮೆಗೇ ಎಲ್ಲ ಆ್ಯಪ್‌ಗಳಿಂದ ಹೊರಬರುವುದು) ಸಾಮಾನ್ಯವಾಗಿ ಬ್ರೌಸರ್ ಮೂಲಕ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ. ನಡುವೆ ಒಂದು ಉತ್ತರ ಕೊಡದಿದ್ದರೆ ಉಳಿದವು ತೆರೆದೇ ಇರುತ್ತವೆ, ನನಗೆ ಸಿಕ್ಕಿದ್ದು ಬರೀ ಬಿಳಿ ಪುಟ. ಓಪನ್‌ಐಡಿ ಕನೆಕ್ಟ್‌ನಲ್ಲಿ ಬ್ಯಾಕ್‌ಚಾನಲ್ ಲಾಗ್‌ಔಟ್ ಇದೆ. ಸರ್ವರ್ ನೇರವಾಗಿ ಪ್ರತಿ ಆ್ಯಪ್‌ಗೂ ಹೇಳುತ್ತದೆ, ಬ್ರೌಸರ್ ಹಂಗಿಲ್ಲ. ಆ್ಯಪ್ ಅದನ್ನು ಕೇಳಿಸಿಕೊಳ್ಳುವಂತೆ ಬರೆದಿರಬೇಕು ಅಷ್ಟೆ.

ಕೀಕ್ಲೋಕ್‌ನಲ್ಲಿ ಆ್ಯಕ್ಸೆಸ್ ಟೋಕನ್ (ಲಾಗಿನ್ ಆದವರಿಗೆ ಸಿಗುವ ಪ್ರವೇಶ ಚೀಟಿ) ನಾವೇನೂ ಬದಲಿಸದಿದ್ದರೆ 5 ನಿಮಿಷಕ್ಕೆ ಸಾಯುತ್ತದೆ, ಒಳ್ಳೆಯದೇ. ಆದರೆ ಆ್ಯಪ್ ತನ್ನದೇ ಸೆಷನ್ ಇಟ್ಟುಕೊಂಡಿದ್ದರೆ, ಸರ್ವರ್‌ನಲ್ಲಿ ಖಾತೆ ಮುಚ್ಚಿದ ಮೇಲೂ ಆಸಾಮಿ ಒಳಗೇ ಇರಬಹುದು. ಹೊಸ ಆ್ಯಪ್‌ಗಾದರೆ ನಾನು ಸುಮ್ನೆ ಯೋಚಿಸದೆ ಓಪನ್‌ಐಡಿ ಕನೆಕ್ಟ್ ಆರಿಸುತ್ತೇನೆ, ಬ್ಯಾಕ್‌ಚಾನಲ್ ಇದ್ದರೆ. ಇಲ್ಲದಿದ್ದರೆ ಆ ಆ್ಯಪ್‌ನ ಸೆಷನ್ ಅವಧಿಯನ್ನಾದರೂ ಚಿಕ್ಕದು ಮಾಡಿಸುತ್ತೇನೆ.